ದುರಾಸೆ ಹುಟ್ಟುಗುಣವೇ? ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಮನುಷ್ಯ ಹುಟ್ಟಾ ಸ್ವಾರ್ಥಿ, ಪರೋಪಕಾರವೆಲ್ಲ ಆಮೇಲೆ ಹೇಳಿಕೊಟ್ಟದ್ದು ಅಂತ ಬರೆದಿದ್ದೀಯ. ನಾನು ಒಪ್ಪುವುದಿಲ್ಲ. 2006ರಲ್ಲಿ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲೊ ಎಂಬ ಮನೋವಿಜ್ಞಾನಿಗಳು ಒಂದೂವರೆ ವರ್ಷದ 24 ಮಕ್ಕಳನ್ನು ಪರೀಕ್ಷಿಸಿದರು. ಬಟ್ಟೆ ಒಣಹಾಕುವವನ ಕೈಯಿಂದ ಕ್ಲಿಪ್ಪು ಜಾರಿ ಬೀಳುತ್ತದೆ, ಬಗ್ಗಿದರೂ ಎಟುಕುವುದಿಲ್ಲ. 22 ಮಕ್ಕಳು ಇಂಥ ಒಂದಲ್ಲ ಒಂದು ಸಂದರ್ಭದಲ್ಲಿ ನೆರವಿಗೆ ಬಂದವು. ಸಹಾಯ ಮಾಡು ಅಂತ ಯಾರೂ ಹೇಳಿರಲಿಲ್ಲ, ಬಹುಮಾನವೂ ಇರಲಿಲ್ಲ. ಅದೇ ಕ್ಲಿಪ್ಪನ್ನು ಬೇಕೆಂದೇ ಎಸೆದಾಗ ಎತ್ತಿಕೊಟ್ಟದ್ದು ಬಲು ಕಡಿಮೆ. ಎದುರಿನವನಿಗೆ ಅದು ಬೇಕೋ ಬೇಡವೋ ಅನ್ನುವುದು ಅಷ್ಟು ಸಣ್ಣ ಮಕ್ಕಳಿಗೂ ತಿಳಿದಿತ್ತು. 2008ರಲ್ಲಿ ಅವರೇ ಬಹುಮಾನ ಕೊಟ್ಟು ನೋಡಿದಾಗ ಮುಂದಿನ ಸಹಾಯ ಇಳಿಯಿತು. ಚಾಕಲೇಟಿನ ಆಸೆ ತೋರಿಸಿ ಒಳ್ಳೆಯತನ ಕಲಿಸಲು ಹೊರಟವರು ಇದನ್ನು ಗಮನಿಸಲೇಬೇಕು.

ಹಾಗಂತ ದುರಾಸೆ ಇಲ್ಲವೆಂದಲ್ಲ. ಅದನ್ನು ಕಣ್ಣಾರೆ ನೋಡಲು ಅರ್ಥಶಾಸ್ತ್ರಜ್ಞರ ಆಟವೊಂದಿದೆ, ಆಡಿಸಿ ನೋಡು. ನಾಲ್ಕು ಜನ, ಪ್ರತಿ ಸುತ್ತಿಗೂ ತಲಾ 20 ರೂಪಾಯಿ. ಹುಂಡಿಗೆ ಎಷ್ಟು ಹಾಕುತ್ತೇನೆಂದು ಪ್ರತಿಯೊಬ್ಬರೂ ಗುಟ್ಟಾಗಿ ಚೀಟಿಯಲ್ಲಿ ಬರೆಯಬೇಕು. ಒಟ್ಟು ಮೊತ್ತವನ್ನು 1.6ರಿಂದ ಗುಣಿಸಿ ನಾಲ್ವರಿಗೂ ಸಮವಾಗಿ ಹಂಚು. ಎಲ್ಲರೂ ಪೂರ್ತಿ ಹಾಕಿದರೆ 80 ಹೋಗಿ 128 ಆಗುತ್ತದೆ, ತಲಾ 32. ಒಬ್ಬ ಮಾತ್ರ ಏನೂ ಹಾಕದಿದ್ದರೆ 60 ಹೋಗಿ 96, ತಲಾ 24. ಆದರೆ ಹಾಕದವನ ಕೈಯಲ್ಲಿ ತನ್ನ 20 ಸೇರಿ 44!

ಮೊದಲ ಸುತ್ತಿನಲ್ಲಿ ಜನ ಸಾಮಾನ್ಯವಾಗಿ ಅರ್ಧದಷ್ಟು ಹಾಕುತ್ತಾರೆ. ಹತ್ತನೆಯದಕ್ಕೆ ಬರುವಾಗ ಹುಂಡಿ ಬಹುಪಾಲು ಬರಿದು. ಎಲ್ಲರೂ ದುರಾಸೆಯವರಾದರು ಅಂತಲ್ಲ. ಫಿಷ್‌ಬಾಕರ್, ಗೆಕ್ಟರ್, ಫೆರ್ ಎಂಬ ಮೂವರು ಅರ್ಥಶಾಸ್ತ್ರಜ್ಞರ 2001ರ ಪ್ರಯೋಗದಲ್ಲಿ ಸುಮಾರು ಅರ್ಧ ಜನ 'ನೀನು ಕೊಟ್ಟರೆ ನಾನೂ ಕೊಡುತ್ತೇನೆ' ಅನ್ನುವವರು, ಏನೂ ಕೊಡದವರು ಶೇಕಡಾ 30ರಷ್ಟು. ಕೊಡುವವರೂ ಪಕ್ಕದವನಿಗಿಂತ ಒಂದು ಕೈ ಕಡಿಮೆಯೇ ಹಾಕುತ್ತಾರೆ. ಆ ಚೂರುಪಾರು ಕಡಿತ ಸುತ್ತಿನಿಂದ ಸುತ್ತಿಗೆ ಕೂಡಿಕೊಂಡು ಹುಂಡಿಯನ್ನು ಮುಳುಗಿಸುತ್ತದೆ.

ಕಡಿಮೆ ಹಾಕಿದವನಿಗೆ ದಂಡ ಹಾಕಬಹುದು: ನೀನು 1 ರೂಪಾಯಿ ಖರ್ಚು ಮಾಡಿದರೆ ಅವನಿಗೆ 3 ನಷ್ಟ. 2002ರಲ್ಲಿ ಫೆರ್, ಗೆಕ್ಟರ್ ಹೀಗೆ ಮಾಡಿದಾಗ ಹುಂಡಿ ತುಂಬಿತು. ಮತ್ತೆ ಎದುರಾಗದ ಅಪರಿಚಿತನನ್ನು ದಂಡಿಸಲೂ ಜನ ಸ್ವಂತ ಹಣ ಕಳೆದುಕೊಂಡರು; ನನ್ನ ಲೆಕ್ಕದಲ್ಲಿ ಅದೂ ಪರೋಪಕಾರವೇ. ಆದರೆ 2008ರಲ್ಲಿ ಪ್ರಕಟವಾದ 16 ನಗರಗಳ ಹೋಲಿಕೆಯಲ್ಲಿ ಅಥೆನ್ಸ್, ಮಸ್ಕತ್‌ನಂಥ ಕಡೆ ಹೆಚ್ಚು ಕೊಟ್ಟವರಿಗೂ ದಂಡ ಬಿತ್ತು. ಅಂಥಲ್ಲಿ ದಂಡದಿಂದ ಹೆಚ್ಚು ಪ್ರಯೋಜನವಾಗಲಿಲ್ಲ.

ಹತ್ತು ಸುತ್ತಿನ ಹಣವನ್ನೂ ನೀನೇ ಕೊಡಲು ಹೋಗಬೇಡ, ಜೇಬು ಖಾಲಿಯಾಗುತ್ತದೆ. ಕೊನೆಯಲ್ಲಿ ಸುತ್ತಿನ ಸಂಖ್ಯೆ ಬರೆದ ಚೀಟಿಗಳಲ್ಲಿ ಒಂದನ್ನು ಎತ್ತಿ, ಬಂದ ಒಂದೇ ಸುತ್ತಿಗೆ ಕೊಡು. ಇದನ್ನು ಮೊದಲೇ ಹೇಳಿರು. ಬರೀ ಕಡಲೆಕಾಳಿಟ್ಟು ಆಡಿಸಿದರೆ ಎಲ್ಲರೂ ಧಾರಾಳಿಗಳೇ. ಆಟದ ನಡುವೆ ಮಾತಿಗೆ ಬಿಡಬೇಡ. ಹತ್ತು ಮುಗಿದ ಮೇಲೆ ಐದು ನಿಮಿಷ ಮಾತಾಡಿಕೊಳ್ಳಲು ಬಿಟ್ಟು ಮತ್ತೆ ಶುರುಮಾಡು. ಸಾಮಾನ್ಯವಾಗಿ ಹುಂಡಿ ಮತ್ತೆ ಏರುತ್ತದೆ. ಚೀಟಿಗಳನ್ನು ಎಸೆಯದೆ, ಸುತ್ತುವಾರು ಮೊತ್ತ ಬರೆದು ಕಳಿಸು.

ನಿನ್ನ ಗೆಳೆಯ