ಈ ವಾರದ ಚರ್ಚೆ: ಹಿಂದಿನ ಸಂಗೀತ ದಿಗ್ಗಜರೂ ಸಾಮಾಜಿಕ ಜಾಲತಾಣಗಳೂ

ಮಾನ್ಯ ಸದಸ್ಯರ ಗಮನಕ್ಕೆ,

ಸಾಮಾಜಿಕ ಜಾಲತಾಣಗಳು ಅಂದೇ ಇದ್ದಿದ್ದರೆ ಹಿಂದಿನ ಸಂಗೀತ ದಿಗ್ಗಜರ ಪಾಡು ಏನಾಗುತ್ತಿತ್ತು ಎಂಬುದು ಈ ವಾರದ ಚರ್ಚೆಯ ವಿಷಯ. ‘ಆ ಕಾಲವೇ ಚೆನ್ನಾಗಿತ್ತು’ ಎಂಬ ಒಂದು ಸಾಲಿನ ಉತ್ತರದ ಬದಲು, ಯಾವುದಾದರೂ ಖಚಿತ ಪ್ರಸಂಗವನ್ನು ಹಿಡಿದು ಬರೆಯಬೇಕೆಂದು ವಿನಂತಿ.

ಇಂಗ್ಲೆಂಡಿನ ರಾಕ್ ಸಂಗೀತ ತಂಡ ಬೀಟಲ್ಸ್ ಯೇಸುವಿಗಿಂತ ಜನಪ್ರಿಯವೆಂಬ, ಅದೇ ತಂಡದ ಗಾಯಕ ಜಾನ್ ಲೆನನ್ ಅವರ ಮಾತು 1966ರ ಮಾರ್ಚ್‌ನಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾದಾಗ ಬ್ರಿಟನ್ನಿನಲ್ಲಿ ಅಷ್ಟೇನೂ ಗದ್ದಲವಾಗಲಿಲ್ಲ. ತಿಂಗಳುಗಳ ನಂತರ ಅಮೆರಿಕದ ನಿಯತಕಾಲಿಕೆಯೊಂದು ಅದನ್ನು ಮರುಮುದ್ರಿಸಿದ ಮೇಲೆಯೇ ಅಲ್ಲಿ ಅವರ ಧ್ವನಿಮುದ್ರಿಕೆಗಳನ್ನು ರಾಶಿ ಹಾಕಿ ಸುಟ್ಟರು. ಇಂದಾಗಿದ್ದರೆ ಅಷ್ಟು ತಿಂಗಳ ಬಿಡುವು ಸಿಗುತ್ತಿರಲಿಲ್ಲ. (ಸುಟ್ಟವರೇ ವಿಡಿಯೊ ಹಾಕುತ್ತಿದ್ದರು ಎಂಬುದು ಬೇರೆ ಮಾತು.)

ನನ್ನನ್ನು ಇದಕ್ಕಿಂತ ಹೆಚ್ಚು ಕಾಡುವುದು ಜರ್ಮನ್ ಸಂಗೀತ ರಚನಕಾರ ಬೀಥೋವನ್ ಅವರ ಪ್ರಸಂಗ. ಕಿವಿ ಮಂದವಾಗುತ್ತಿರುವ ಸಂಕಟವನ್ನು ತೋಡಿಕೊಂಡು 1802ರಲ್ಲಿ ಸೋದರರಿಗೆ ಬರೆದ ಪತ್ರವನ್ನು ಅವರು ಕಳುಹಿಸಲೇ ಇಲ್ಲ. ಅದು ಸಿಕ್ಕಿದ್ದು 1827ರಲ್ಲಿ, ಅವರು ತೀರಿಕೊಂಡ ಮೇಲೆ. ಕೇಳುಗರ ಕೈಯಲ್ಲೆಲ್ಲ ಫೋನ್ ಇದ್ದಿದ್ದರೆ ಆ ಗುಟ್ಟು ಒಂದು ಸಂಜೆಯೂ ನಿಲ್ಲುತ್ತಿರಲಿಲ್ಲ, ಮುಂದಿನ ಕೃತಿಗಳನ್ನು ಜನ ಕನಿಕರದಿಂದಲೇ ಕೇಳುತ್ತಿದ್ದರೇನೋ.

ಬರಹಗಳನ್ನು ಶನಿವಾರ ರಾತ್ರಿಯೊಳಗೆ ಹಾಕಿ. ಫಾರ್ವರ್ಡ್ ಸಂದೇಶಗಳನ್ನು ಅಳಿಸಲಾಗುವುದು.