ಕೀಬೋರ್ಡ್ ಮಾರಾಟದಲ್ಲಿ ಒಂದು ಬದಲಾವಣೆ: ನಮ್ಮ ಗ್ರಾಹಕರಿಗೆ ಪತ್ರ

ಎಲ್ಲರಿಗೂ ನಮಸ್ಕಾರ.

ಸುತ್ತಿ ಬಳಸಿ ಹೇಳುವುದು ಬೇಡ. ಬರುವ ತಿಂಗಳ 1ನೇ ತಾರೀಖಿನಿಂದ ನಮ್ಮ ಅಂಗಡಿಯಲ್ಲಿ 700-800 ರೂಪಾಯಿಯ, ಬಣ್ಣ ಬಣ್ಣದ ಲೈಟ್ ಹೊಡೆಯುವ ರಬ್ಬರ್ ಗೇಮಿಂಗ್ ಕೀಬೋರ್ಡ್ ಸಿಗುವುದಿಲ್ಲ. ಅತ್ತ 15,000 ದಾಟಿದ ವೈರ್‌ಲೆಸ್ ಕೀಬೋರ್ಡ್‌ಗಳನ್ನೂ ಸ್ಟಾಕ್ ಇಡುವುದಿಲ್ಲ. ಅದು ಬೇಕೇ ಬೇಕು ಅನ್ನುವವರಿಗೆ ಆರ್ಡರ್ ಮೇಲೆ ತರಿಸಿಕೊಡುತ್ತೇವೆ. ಅಂಗಡಿಯಲ್ಲಿ ಸದಾ ಇರುವುದು 2,000ದಿಂದ 4,000 ರೂಪಾಯಿ ಒಳಗಿನ ವೈರ್ ಇರುವ ಮೆಕ್ಯಾನಿಕಲ್ ಕೀಬೋರ್ಡ್, ಅಂದರೆ ಪ್ರತಿ ಕೀಗೂ ಬೇರೆ ಬೇರೆ ಸ್ವಿಚ್ ಇರುವಂಥದ್ದು. ಅದರ ಬಿಡಿ ಸ್ವಿಚ್, ಕೀಕ್ಯಾಪ್ (ಕೀ ಮೇಲಿನ ಅಕ್ಷರದ ಮುಚ್ಚಳ), ಕೇಬಲ್ ಎಲ್ಲ ನಮ್ಮಲ್ಲೇ ಇಡುತ್ತೇವೆ, ರಿಪೇರಿಯೂ ಇಲ್ಲೇ.

"ಯಾಕಣ್ಣಾ, ದುಬಾರಿ ಮಾಲು ಮಾರಿದ್ರೆ ನಿಮಗೇ ಲಾಭ ಜಾಸ್ತಿ ಅಲ್ವಾ?" ಅಂತ ಒಬ್ಬರು ಆಗಲೇ ಕೇಳಿದರು. ಒಂದು ಪೀಸಿನ ಮೇಲೆ ಲಾಭ ಜಾಸ್ತಿ, ನಿಜ. ಆದರೆ ಅದು ಕೆಟ್ಟರೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಪಾರ್ಸೆಲ್ ಕಟ್ಟಿ ಬೆಂಗಳೂರಿಗೆ ಕಳಿಸಬೇಕು, ವಾರಗಟ್ಟಲೆ ಕಾಯಬೇಕು, ಅಷ್ಟರಲ್ಲಿ ನೀವು ದಿನಾ ಬಂದು ಕೇಳುತ್ತೀರಿ, ಕೇಳಲೇಬೇಕು ಕೂಡ. 20,000 ಕೊಟ್ಟವರಿಗೆ "ಇನ್ನೂ ಬಂದಿಲ್ಲ" ಅನ್ನುವುದಕ್ಕಿಂತ, 3,000 ಕೊಟ್ಟವರಿಗೆ "ಕೂತ್ಕೊಳ್ಳಿ, ಹತ್ತು ನಿಮಿಷ" ಅನ್ನುವುದು ನಮಗೆ ಇಷ್ಟ.

ಬಿಐಇಟಿ, ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಕೌಂಟರಿನ ಮುಂದೆ ನಿಂತು ಕೇಳುವ ಮೊದಲ ಪ್ರಶ್ನೆ ವೇಗದ್ದು. ದುಬಾರಿ ಕೀಬೋರ್ಡ್ ತಗೊಂಡರೆ ವ್ಯಾಲರಂಟ್ ಆಟದಲ್ಲಿ ಗುಂಡು ಬೇಗ ಹೋಗುತ್ತಾ? ಲೆಕ್ಕ ನೋಡಿ. ಮಾಮೂಲಿ ಆಫೀಸ್ ಕೀಬೋರ್ಡ್ ಯಾವ ಕೀ ಒತ್ತಿದೆ ಅಂತ ಸೆಕೆಂಡಿಗೆ 125 ಸಲ ಕಂಪ್ಯೂಟರಿಗೆ ವರದಿ ಕೊಡುತ್ತದೆ, ಅಂದರೆ 8 ಮಿಲಿಸೆಕೆಂಡಿಗೆ ಒಂದು ಸಲ. ಗೇಮಿಂಗ್ ಅಂತ ಬರುವ ವೈರ್ ಕೀಬೋರ್ಡ್‌ಗಳಲ್ಲಿ, ಎರಡೂವರೆ ಸಾವಿರದ್ದರಲ್ಲೂ ಕೂಡ, 1000 ಸಲ ಕೊಡುವಂಥವು ಬೇಕಾದಷ್ಟಿವೆ. ಅಲ್ಲಿಗೆ 1 ಮಿಲಿಸೆಕೆಂಡ್. ಒಳ್ಳೆಯ ವೈರ್‌ಲೆಸ್ ಕೀಬೋರ್ಡ್ ತನ್ನ 2.4 ಗಿಗಾಹರ್ಟ್ಸ್ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಪುಟ್ಟ ರಿಸೀವರ್) ಮೂಲಕ ಕೊಡುವುದೂ ಸಾಮಾನ್ಯವಾಗಿ ಅದೇ 1000. ಅಂದರೆ ಆ ಹೆಚ್ಚಿನ ದುಡ್ಡು ಹೋಗುವುದು ವೈರ್ ತೆಗೆದು, ವೈರಿನಷ್ಟೇ ವೇಗ ಉಳಿಸಿಕೊಳ್ಳುವುದಕ್ಕೆ. ವೈರ್ ಇದ್ದರೆ ಆ ವೇಗ ಪುಕ್ಕಟೆ.

ಇನ್ನೊಂದು ಮಾತು. ನಿಮ್ಮ ಮಾನಿಟರ್ 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಚಿತ್ರ ತೋರಿಸುವಂಥದ್ದು, ಆಗಿದ್ದರೆ ಒಂದು ಚಿತ್ರ ಬದಲಾಗುವುದಕ್ಕೇ 16 ಮಿಲಿಸೆಕೆಂಡಿಗಿಂತ ಜಾಸ್ತಿ ಬೇಕು. ಶತ್ರು ಕಂಡ ಮೇಲೆ ನಿಮ್ಮ ಬೆರಳು ಕದಲುವುದಕ್ಕೆ ಸುಮಾರು 200. ಮುಂಬೈನ ಸರ್ವರ್‌ಗೆ ಪಿಂಗ್ (ಸಂದೇಶ ಹೋಗಿ ಬರಲು ಹಿಡಿಯುವ ಸಮಯ) ಎಷ್ಟು ಅಂತ ಆಟದ ಮೂಲೆಯಲ್ಲೇ ತೋರಿಸುತ್ತದೆ, ನೋಡಿಕೊಳ್ಳಿ. ಇದರ ನಡುವೆ ಕೀಬೋರ್ಡಿನ 1 ಮಿಲಿಸೆಕೆಂಡಿಗೆ ಹದಿನೈದು ಸಾವಿರ ಸುರಿಯುವ ಬದಲು ಆ ದುಡ್ಡಲ್ಲಿ 144 ಹರ್ಟ್ಸ್ ಮಾನಿಟರ್ ತಗೊಳ್ಳಿ. ನಮ್ಮಲ್ಲೇ ತಗೋಬೇಕು ಅಂತೇನೂ ಇಲ್ಲ. (ನಮ್ಮಲ್ಲಿ ಇದೆ, ಅದು ಬೇರೆ ಮಾತು.)

ವೈರ್‌ಲೆಸ್ ಅಂದಾಗ ಡಾಂಗಲ್ ಬೇರೆ, ಬ್ಲೂಟೂತ್ ಬೇರೆ. ಆಟಕ್ಕೆ ಬ್ಲೂಟೂತ್ ನಂಬಬೇಡಿ, ಅದರಲ್ಲಿ ತಡ ಜಾಸ್ತಿ. ಬ್ಲೂಟೂತ್‌ನಲ್ಲಿ ಮಾತ್ರ ಓಡುವ ಕೀಬೋರ್ಡ್ ಕಂಪ್ಯೂಟರ್ ಶುರುವಾಗುವಾಗ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ಬರುವ ಸೆಟ್ಟಿಂಗ್ ಪರದೆ) ಸಾಮಾನ್ಯವಾಗಿ ಕೆಲಸವೇ ಮಾಡುವುದಿಲ್ಲ, ವಿಂಡೋಸ್ ಹಾಳಾದ ದಿನ ಕೈ ಕಟ್ಟಿ ಕೂರಬೇಕಾಗುತ್ತದೆ. ಡಾಂಗಲ್‌ಗೂ ಒಂದು ಕಾಟ ಇದೆ. ಯುಎಸ್‌ಬಿ 3 ಪೋರ್ಟ್‌ಗಳು, ಅದೇ ಒಳಗೆ ನೀಲಿ ಬಣ್ಣ ಇರುತ್ತದಲ್ಲ ಅವು, ಓಡುವಾಗ ಸರಿಯಾಗಿ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ಗದ್ದಲ ಎಬ್ಬಿಸುತ್ತವೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಬರೆದು ಪ್ರಕಟಿಸಿದೆ. ಸಿಪಿಯು ಹಿಂದೆ ಆ ಪೋರ್ಟಿಗೆ ಡಾಂಗಲ್ ಚುಚ್ಚಿ, ಪಕ್ಕದಲ್ಲೇ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಹಾಕಿ, ಮೇಲೆ ವೈಫೈ ರೂಟರ್ ಇಟ್ಟರೆ ಅಕ್ಷರ ತಪ್ಪುವುದು, ಒಂದೇ ಅಕ್ಷರ ಸಾಲಾಗಿ ಬೀಳುವುದು ಎಲ್ಲ ಶುರು. ಪರಿಹಾರ ಸುಲಭ: ಡಾಂಗಲ್‌ಗೆ ಒಂದು ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಟೇಬಲ್ ಮೇಲೆ ತಂದಿಡುವುದು. ವೈರ್ ಬೇಡ ಅಂತ ಇಪ್ಪತ್ತು ಸಾವಿರ ಕೊಟ್ಟು, ಆಮೇಲೆ ನೂರೈವತ್ತಕ್ಕೆ ವೈರ್ ತಗೊಂಡು ಹೋದವರೂ ಇದ್ದಾರೆ.

ಈಗ ಒಳಗಿನ ಸಂಗತಿಗೆ ಬರೋಣ. ನಾವು ನಿಲ್ಲಿಸುತ್ತಿರುವ ಅಗ್ಗದ ಕೀಬೋರ್ಡ್‌ಗಳಲ್ಲಿ ಎಲ್ಲ ಕೀಗಳ ಕೆಳಗೆ ಒಂದೇ ರಬ್ಬರ್ ಹಾಳೆ, ಅದರ ಕೆಳಗೆ ತೆಳು ಪ್ಲಾಸ್ಟಿಕ್ ಹಾಳೆಗಳು. ಒತ್ತಿದಾಗ ರಬ್ಬರ್ ಗುಬುಟು ಕುಸಿದು ಹಾಳೆಯ ಮೇಲಿನ ಗೆರೆಗಳು ಒಂದಕ್ಕೊಂದು ತಾಗುತ್ತವೆ. ಡಬ್ಬದ ಮೇಲೆ "ಮೆಕ್ಯಾನಿಕಲ್ ಫೀಲ್" ಅಂತ ದಪ್ಪಗೆ ಬರೆದಿರುತ್ತಾರೆ, ಒಳಗಿರುವುದು ರಬ್ಬರೇ. ಎಷ್ಟೋ ಅಗ್ಗದ ಬೋರ್ಡ್‌ಗಳಲ್ಲಿ ಮೂರು ನಾಲ್ಕು ಕೀ ಒಟ್ಟಿಗೆ ಒತ್ತಿದರೆ ಒಂದು ತಪ್ಪಿಹೋಗುತ್ತದೆ. ಓಡುತ್ತಾ, ಪಕ್ಕಕ್ಕೆ ಸರಿಯುತ್ತಾ, ಹಾರಬೇಕು ಅನ್ನುವಾಗಲೇ ಕೈ ಕೊಡುತ್ತದೆ. ಬರೀ ಟೈಪಿಂಗ್, ಬಿಲ್ಲಿಂಗ್ ಇದ್ದವರಿಗೆ ರಬ್ಬರ್ ಕೀಬೋರ್ಡ್ ಸಾಕು. ಅಂಥ ಸಾದಾ ಕೀಬೋರ್ಡ್‌ಗಳನ್ನು ನಾವು ಮುಂದೆಯೂ ಇಡುತ್ತೇವೆ. ಅದೇ ರಬ್ಬರಿಗೆ ಲೈಟ್ ಹಾಕಿ ಗೇಮಿಂಗ್ ಹೆಸರಲ್ಲಿ ಡಬಲ್ ರೇಟ್ ತಗೊಳ್ಳುವುದು ಮಾತ್ರ ನಿಲ್ಲುತ್ತದೆ.

ಮೆಕ್ಯಾನಿಕಲ್‌ನಲ್ಲಿ ಪ್ರತಿ ಕೀಗೂ ತನ್ನದೇ ಸ್ಪ್ರಿಂಗ್ ಇರುವ ಸ್ವಿಚ್. ಇದು ಜರ್ಮನಿಯ ಚೆರ್ರಿ ಕಂಪನಿ ಎಂಬತ್ತರ ದಶಕದಲ್ಲಿ ತಂದ ಎಂಎಕ್ಸ್ ಸ್ವಿಚ್‌ನ ವಂಶ. ಪೇಟೆಂಟ್ ಅವಧಿ 2014ರ ಸುಮಾರಿಗೆ ಮುಗಿದ ಮೇಲೆ ಚೀನಾದ ಗೇಟೆರಾನ್, ಕೈಲ್, ಔಟೆಮು ಕಂಪನಿಗಳ ಮಾಲು ಮಾರುಕಟ್ಟೆ ತುಂಬಿತು, ಹಿಂದೆ ಏಳೆಂಟು ಸಾವಿರಕ್ಕೆ ಕೈಗೆಟುಕದಿದ್ದದ್ದು ಇವತ್ತು ಎರಡು ಮೂರು ಸಾವಿರಕ್ಕೆ ಬಂದಿದೆ. ಬಣ್ಣದಿಂದ ಗುರುತು ಹಿಡಿಯಿರಿ: ಕೆಂಪು ನೇರ ಇಳಿಯುತ್ತದೆ, ಕಂದು ನಡುವೆ ಒಂದು ಸಣ್ಣ ತಡೆ ಕೊಡುತ್ತದೆ, ನೀಲಿ ಭಟ್ಟಿಯಲ್ಲಿ ಮಂಡಕ್ಕಿ ಸಿಡಿದ ಹಾಗೆ ಚಟಪಟ ಅನ್ನುತ್ತದೆ. ಚೆರ್ರಿಯ ಕೆಂಪು ಸ್ವಿಚ್‌ಗೆ ಸುಮಾರು 45 ಗ್ರಾಂ ಒತ್ತಡ ಸಾಕು, 2 ಮಿಲಿಮೀಟರ್ ಇಳಿದರೆ ಅಕ್ಷರ ಬಿತ್ತು, ತಳ ಮುಟ್ಟುವುದು 4ಕ್ಕೆ. ಹಾಸ್ಟೆಲ್ ರೂಮಿನಲ್ಲಿ ಇರುವವರು ದಯವಿಟ್ಟು ನೀಲಿ ತಗೋಬೇಡಿ. ರಾತ್ರಿ ಎರಡು ಗಂಟೆಗೆ ರೂಮ್‌ಮೇಟ್ ಎದ್ದು ಏನು ಮಾಡುತ್ತಾನೋ ಅದಕ್ಕೆ ವಾರಂಟಿ ಇಲ್ಲ.

ನಾವು ಇಡುವ ಬೋರ್ಡ್‌ಗಳೆಲ್ಲ ಹಾಟ್‌ಸ್ವಾಪ್, ಅಂದರೆ ಸ್ವಿಚ್ ಬೆಸುಗೆ ಹಾಕಿರುವುದಿಲ್ಲ, ಸಾಕೆಟ್‌ನಲ್ಲಿ ಕೂತಿರುತ್ತದೆ. ಚಿಮಟದಂಥ ಪುಲ್ಲರ್ ಹಾಕಿ ಎಳೆದರೆ ಬರುತ್ತದೆ, ಹೊಸದನ್ನು ಎರಡು ಪಿನ್ ನೇರ ಮಾಡಿಕೊಂಡು ಒತ್ತಿದರೆ ಟಕ್ ಅಂತ ಕೂರುತ್ತದೆ. ಪಿನ್ ಡೊಂಕಾಗಿದ್ದರೆ ಸಾಕೆಟ್ ಒಳಗೆ ಹೋಗದೆ ಮಡಚಿಕೊಳ್ಳುತ್ತದೆ, ಆಗ "ಹೊಸ ಸ್ವಿಚ್ಚೂ ಕೆಟ್ಟಿದೆ" ಅಂತ ಬರುತ್ತೀರಿ. ಬೆಳಕಿಗೆ ಹಿಡಿದು ಒಮ್ಮೆ ನೋಡಿ ಹಾಕಿ, ಸಾಕು. ಕೆಲವು ಅಗ್ಗದ ಬೋರ್ಡ್‌ಗಳ ಸಾಕೆಟ್‌ಗೆ ಔಟೆಮು ಸ್ವಿಚ್‌ನ ಸಣ್ಣ ಪಿನ್ ಮಾತ್ರ ಹಿಡಿಯುತ್ತದೆ, ಆನ್‌ಲೈನ್‌ನಲ್ಲಿ ಬೇರೆ ಸ್ವಿಚ್ ತರಿಸುವ ಮುಂಚೆ ಬೋರ್ಡ್ ಯಾವುದು ಅಂತ ನಮ್ಮನ್ನೊಮ್ಮೆ ಕೇಳಿ.

ತಮಾಷೆ ಏನೆಂದರೆ, ದುಬಾರಿ ವೈರ್‌ಲೆಸ್‌ನಲ್ಲಿ ಎಷ್ಟೋ ಮಾಡೆಲ್‌ಗಳಿಗೆ ಈ ಸೌಲಭ್ಯವೇ ಇಲ್ಲ. 2019ರಲ್ಲಿ ಬಂದ ಲಾಜಿಟೆಕ್ ಜಿ915 ತಗೊಳ್ಳಿ. ಅಲ್ಯೂಮಿನಿಯಂ ಮೈ, ತೆಳ್ಳಗೆ, ಮುಟ್ಟಿದರೆ ಬಿಡಲು ಮನಸ್ಸಾಗದಂಥದ್ದು. ಆದರೆ ಸ್ವಿಚ್ ಬೆಸುಗೆಯವು. ಒಂದು ಸ್ವಿಚ್ ಕೆಟ್ಟು ಒಂದೇ ಅಕ್ಷರ ಎರಡೆರಡು ಬೀಳತೊಡಗಿದರೆ, ವಾರಂಟಿ ಮುಗಿದ ಮೇಲೆ ಬೆಸುಗೆ ಕಡ್ಡಿ ಹಿಡಿಯುವ ಧೈರ್ಯ ಬೇಕು. ಈಚಿನ ಕೆಲವು ದುಬಾರಿ ಮಾಡೆಲ್‌ಗಳಿಗೆ ಸಾಕೆಟ್ ಬಂದಿದೆ, ಆರ್ಡರ್ ಕೊಡುವವರು ಅಂಥದ್ದನ್ನೇ ಕೇಳಿ. ಬ್ಯಾಟರಿ ಇನ್ನೊಂದು. ಲೈಟ್ ಪೂರ್ತಿ ಹಾಕಿದರೆ ಜಿ915 ಸುಮಾರು 30 ಗಂಟೆ ಬರುತ್ತದೆ ಅಂತ ಕಂಪನಿಯೇ ಹೇಳುತ್ತದೆ, ಆರಿಸಿಟ್ಟರೆ ಅದಕ್ಕಿಂತ ಎಷ್ಟೋ ಜಾಸ್ತಿ. ಅಲ್ಲಿಗೆ ದುಡ್ಡು ಕೊಟ್ಟ ಲೈಟನ್ನು ಆರಿಸಿಯೇ ಇಡಬೇಕು. ಲಿಥಿಯಂ ಬ್ಯಾಟರಿ ವರ್ಷ ಕಳೆದ ಹಾಗೆ ಇಳಿಯುತ್ತಾ ಹೋಗುತ್ತದೆ, ನಮ್ಮ ಏಪ್ರಿಲ್ ಬಿಸಿಲಿಗೆ ಶೀಟಿನ ಮನೆಯಲ್ಲಿ ಇನ್ನೂ ಬೇಗ.

ಹಾಗಂತ ದುಬಾರಿಯದ್ದು ದಂಡ ಅನ್ನುತ್ತಿಲ್ಲ. ಒಂದೇ ಕೀಬೋರ್ಡಿನಲ್ಲಿ ಲ್ಯಾಪ್‌ಟಾಪ್, ಟ್ಯಾಬ್, ಆಫೀಸ್ ಕಂಪ್ಯೂಟರ್ ಮೂರನ್ನೂ ನಡೆಸುವವರಿಗೆ, ಟಿವಿ ಮುಂದೆ ಸೋಫಾದಲ್ಲಿ ಕೂತು ಆಡುವವರಿಗೆ, ಕ್ಲಿನಿಕ್ಕಿನ ಟೇಬಲ್ ಮೇಲೆ ವೈರ್ ಕಾಣಬಾರದು ಅನ್ನುವ ಡಾಕ್ಟರರಿಗೆ ಅದು ಸರಿ. ಅದರ ಸದ್ದು ಮೆತ್ತಗೆ, ಸ್ಪೇಸ್‌ಬಾರ್ ಗಡಗಡ ಅನ್ನುವುದಿಲ್ಲ, ಬೋರ್ಡ್ ಬಾಗುವುದಿಲ್ಲ. ಅಗ್ಗದ ಬೋರ್ಡಿನಲ್ಲಿ ಸ್ಪೇಸ್‌ಬಾರ್ ಗಡಗಡ ಅನ್ನುತ್ತದೆ. ಉದ್ದ ಕೀ ಅಲ್ಲಾಡದಂತೆ ಹಿಡಿಯುವ ತಂತಿ, ಅಂದರೆ ಸ್ಟೆಬಿಲೈಸರ್‌ಗೆ ಗ್ರೀಸ್ ಹಾಕಿದರೆ ಮುಕ್ಕಾಲು ಪಾಲು ಸರಿಹೋಗುತ್ತದೆ, ನಮ್ಮಲ್ಲಿ ಕೊಂಡವರಿಗೆ ಅದನ್ನು ಸುಮ್ನೆ ಹಾಕಿಕೊಡುತ್ತೇವೆ.

ಡಿಟಿಪಿ ಕೆಲಸ ಮಾಡುವವರಿಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ಅಶೋಕ ರಸ್ತೆ, ಮಂಡಿಪೇಟೆ ಕಡೆಯಿಂದ ಬರುವ ಕೀಬೋರ್ಡ್‌ಗಳಲ್ಲಿ ಮೊದಲು ಸವೆಯುವುದು ಎಫ್ ಕೀ. ನುಡಿ ತಂತ್ರಾಂಶದಲ್ಲಿ ಕನ್ನಡ ಹೊಡೆಯುವಾಗ ಒತ್ತಕ್ಷರ ಬೇಕಾದಾಗಲೆಲ್ಲ ಎಫ್ ಒತ್ತಬೇಕಲ್ಲ. "ಕರ್ನಾಟಕ" ಅಂತ ಹೊಡೆದರೂ ಎಫ್, "ಅಮ್ಮ" ಅಂದರೂ ಎಫ್. ಮೇಲಿನ ಅಕ್ಷರ ಅಳಿಸಿ, ಬೆರಳಿಗೆ ಸಿಗುವ ಆ ಸಣ್ಣ ಗೆರೆಯೂ ನುಣ್ಣಗಾಗಿರುತ್ತದೆ. ರಬ್ಬರ್ ಬೋರ್ಡಿನಲ್ಲಿ ಆ ಒಂದು ಕೀಗಾಗಿ ಇಡೀ ಬೋರ್ಡ್ ಬಿಸಾಡಬೇಕು. ಹಾಟ್‌ಸ್ವಾಪ್‌ನಲ್ಲಿ ಒಂದು ಸ್ವಿಚ್, ಒಂದು ಕ್ಯಾಪ್ ಬದಲಿಸಿದರೆ ಮುಗಿಯಿತು. ಟೈಪಿಂಗ್‌ನವರು ಪಿಬಿಟಿ ಪ್ಲಾಸ್ಟಿಕ್ಕಿನ ಕ್ಯಾಪ್ ಇರುವುದನ್ನೇ ಕೇಳಿ. ಎಬಿಎಸ್ ಅನ್ನುವ ಇನ್ನೊಂದು ಪ್ಲಾಸ್ಟಿಕ್ಕಿನ ಕ್ಯಾಪ್ ಬೇಗ ಎಣ್ಣೆ ಸವರಿದ ಹಾಗೆ ಹೊಳೆಯತೊಡಗುತ್ತದೆ. ಕನ್ನಡ ಅಕ್ಷರದ ಸ್ಟಿಕ್ಕರ್ ಬೇಕಾದವರಿಗೆ ಅಂಟಿಸಿಕೊಡುತ್ತೇವೆ, ಆದರೆ ಸ್ಟಿಕ್ಕರ್ ಹಾಕಿದ ಕೀಯಲ್ಲಿ ಅಕ್ಷರದ ಬೆಳಕು ಮುಚ್ಚಿಹೋಗುತ್ತದೆ, ಮೊದಲೇ ಗೊತ್ತಿರಲಿ.

ಕೇಬಲ್ ಬಗ್ಗೆಯೂ ಒಂದು ನಿಯಮ ಮಾಡಿಕೊಂಡಿದ್ದೇವೆ. ಬೋರ್ಡಿಗೇ ಅಂಟಿಕೊಂಡ ವೈರ್ ಇರುವ ಗೇಮಿಂಗ್ ಕೀಬೋರ್ಡ್ ಇನ್ನು ತರಿಸುವುದಿಲ್ಲ, ಬಿಚ್ಚಿ ಹಾಕುವ ಟೈಪ್-ಸಿ ಕೇಬಲ್ ಇರುವುದೇ ಬೇಕು. ಕಾರಣ ಇಲಿ. ಗೋಡೌನ್ ಪಕ್ಕದ ಅಂಗಡಿಗಳಿಂದ ಇಲಿ ಕಡಿದ ವೈರ್ ಬರುವುದು ನಮ್ಮಲ್ಲಿ ಹೊಸದೇನಲ್ಲ.

ಈಗ ವ್ಯವಹಾರದ ಮಾತು. ಈಗಾಗಲೇ ರಬ್ಬರ್ ಗೇಮಿಂಗ್ ಕೀಬೋರ್ಡ್ ತಗೊಂಡವರ ವಾರಂಟಿ ಬಿಲ್ಲಿನಲ್ಲಿ ಇರುವ ಹಾಗೇ ನಡೆಯುತ್ತದೆ, ಅದೇ ಮಾಲು ಸಿಗದಿದ್ದರೆ ಅಷ್ಟು ಹಣವನ್ನು ಬೇರೆ ಕೀಬೋರ್ಡಿಗೆ ಕಳೆದುಕೊಡುತ್ತೇವೆ. ವೈರ್‌ಲೆಸ್ ಆರ್ಡರ್‌ಗೆ ಅರ್ಧ ಹಣ ಮುಂಗಡ. ಮಾಲು ಬಂದ ಮೇಲೆ ನಿಮ್ಮ ಎದುರಿಗೇ ಡಬ್ಬ ಒಡೆದು, ಪ್ರತಿ ಕೀ ಒತ್ತಿ ನೋಡಿ, ಡಾಂಗಲ್ ಇದೆಯಾ ಅಂತ ಖಾತ್ರಿ ಮಾಡಿಕೊಂಡು ಉಳಿದದ್ದು ಕೊಡಿ. ಡಾಂಗಲ್ ಕಳೆದರೆ ಬಿಡಿಯಾಗಿ ಸಿಗುವುದು ಕಷ್ಟ, ಅದನ್ನು ಜೋಪಾನ ಮಾಡುವುದು ನಿಮ್ಮ ಜವಾಬ್ದಾರಿ. ನಾವು ಹೇಳುವ ದರದಲ್ಲಿ 18% ಜಿಎಸ್‌ಟಿ ಸೇರಿರುತ್ತದೆ, "ಬಿಲ್ ಇಲ್ಲದೆ ಎಷ್ಟು" ಅಂತ ಕೇಳಬೇಡಿ, ಬಿಲ್ ಇಲ್ಲದೆ ವಾರಂಟಿಯೂ ಇಲ್ಲ.

ಬಾಗಿಲ ಪಕ್ಕದ ಟೇಬಲ್ ಮೇಲೆ ಒಂದು ವೈರ್ ಬೋರ್ಡ್, ಒಂದು ದುಬಾರಿ ವೈರ್‌ಲೆಸ್ ಎರಡನ್ನೂ ಅಕ್ಕಪಕ್ಕ ಇಟ್ಟಿರುತ್ತೇವೆ, ಕೂತು ಹೊಡೆದು ನೋಡಿ, ಯಾರೂ ಏಳಿಸುವುದಿಲ್ಲ. ಹರಿಹರ, ಜಗಳೂರು, ಚನ್ನಗಿರಿ ಕಡೆಯಿಂದ ಬರುವವರು ಸ್ವಿಚ್ ಬದಲಿಸಬೇಕಿದ್ದರೆ ಬೋರ್ಡ್ ಜೊತೆ ಕೇಬಲ್ಲೂ ತನ್ನಿ. ಮಿರ್ಚಿ ತಿಂದ ಕೈಯಲ್ಲಿ ಡೆಮೊ ಪೀಸ್ ಮುಟ್ಟುವ ಮುಂಚೆ ಹೊರಗಡೆ ನಲ್ಲಿ ಇದೆ.

ಇಂತಿ,
ಅಂಗಡಿಯ ಪರವಾಗಿ,
ದಾವಣಗೆರೆ