600 ಕಿಲೋಹರ್ಟ್ಸ್ ಅಂತರಕ್ಕೆ ಒಗ್ಗದ ಡ್ಯೂಪ್ಲೆಕ್ಸರ್: ದೂರು ಪತ್ರ

ಇವರಿಗೆ,
ವ್ಯವಸ್ಥಾಪಕರು,
ಮಾರಾಟ ಮತ್ತು ಗ್ರಾಹಕ ಸೇವಾ ವಿಭಾಗ

ವಿಷಯ: ಹವ್ಯಾಸಿ ರೇಡಿಯೊ ರಿಪೀಟರ್‌ಗೆ ನಾವು ಕೇಳಿದ್ದಕ್ಕಿಂತ ಬೇರೆಯೇ ಬಗೆಯ ಡ್ಯೂಪ್ಲೆಕ್ಸರ್ ಕಳುಹಿಸಿರುವ ಬಗ್ಗೆ

ಮಾನ್ಯರೇ,

ಮಲೆನಾಡಿನ ನಮ್ಮ ಹ್ಯಾಮ್ (ಹವ್ಯಾಸಿ ರೇಡಿಯೊ) ಕ್ಲಬ್ಬಿನ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ. ಕಳೆದ ಫೆಬ್ರವರಿಯಲ್ಲಿ ನಮ್ಮ ರಿಪೀಟರ್‌ಗಾಗಿ, ಅಂದರೆ ದುರ್ಬಲ ದನಿಯನ್ನು ಒಂದು ಆವರ್ತನದಲ್ಲಿ ಹಿಡಿದು ಇನ್ನೊಂದರಲ್ಲಿ ಬಲವಾಗಿ ಮರುಪ್ರಸಾರ ಮಾಡುವ ಯಂತ್ರಕ್ಕಾಗಿ, 46,000 ರೂಪಾಯಿ ಕೊಟ್ಟು ನಿಮ್ಮಿಂದ ಒಂದು ಡ್ಯೂಪ್ಲೆಕ್ಸರ್ ಕೊಂಡೆವು. ಒಂದೇ ಆಂಟೆನಾದಲ್ಲಿ ಪ್ರಸಾರ, ಸ್ವೀಕಾರ ಎರಡೂ ಒಂದನ್ನೊಂದು ಕೆಡಿಸದಂತೆ ಬೇರ್ಪಡಿಸುವ ಸಾಮಾನು ಅದು. ಆ ಸಾಮಾನು ಕೆಟ್ಟಿದೆ ಎಂಬುದು ನಮ್ಮ ದೂರಲ್ಲ. ಅದನ್ನು ಯಾವ ಕೆಲಸಕ್ಕೆಂದು ತಯಾರಿಸಿದ್ದಾರೋ ಆ ಕೆಲಸಕ್ಕೆ ಅದು ಚೆನ್ನಾಗಿಯೇ ಇರಬಹುದು. ನಾವು ಕೇಳಿದ್ದು ಆ ಕೆಲಸವನ್ನಲ್ಲ.

ಬೇಡಿಕೆ ಪತ್ರದ ಎರಡನೆಯ ಸಾಲಿನಲ್ಲೇ ಬರೆದಿದ್ದೆವು: ಪ್ರಸಾರ 145.650 ಮೆಗಾಹರ್ಟ್ಸ್, ಸ್ವೀಕಾರ 145.050 ಮೆಗಾಹರ್ಟ್ಸ್, ನಡುವಿನ ಅಂತರ 600 ಕಿಲೋಹರ್ಟ್ಸ್, ಪ್ರೇಷಕದ ಶಕ್ತಿ 25 ವ್ಯಾಟ್. ಭಾರತದಲ್ಲಿ ಎರಡು ಮೀಟರ್ ಪಟ್ಟಿಯಲ್ಲಿ ಹವ್ಯಾಸಿಗಳಿಗೆ ಸಿಕ್ಕಿರುವುದು 144ರಿಂದ 146ರವರೆಗಿನ ಎರಡೇ ಮೆಗಾಹರ್ಟ್ಸ್. ಅಂತರವನ್ನು ಹಿಗ್ಗಿಸಿಕೊಳ್ಳಲು ನಮಗೆ ಜಾಗವೇ ಇಲ್ಲ. ಆದ್ದರಿಂದಲೇ ಆ ಸಂಖ್ಯೆಯ ಕೆಳಗೆ ಗೆರೆ ಎಳೆದಿದ್ದೆವು. ಸಾಲದೆಂದು ದೂರವಾಣಿಯಲ್ಲಿಯೂ ಕೇಳಿದೆವು. ನಿಮ್ಮ ಮಾರಾಟ ಪ್ರತಿನಿಧಿ ಕೊಟ್ಟ ಉತ್ತರ ಇಷ್ಟು: "ಇದರಲ್ಲಿ ಆರು ಕ್ಯಾವಿಟಿಗಳಿವೆ ಸಾರ್, ನಾಲ್ಕು ಕ್ಯಾವಿಟಿಯದಕ್ಕಿಂತ ಒಳ್ಳೆಯದು." ಕ್ಯಾವಿಟಿಯೆಂದರೆ ಆವರ್ತನಗಳನ್ನು ಸೋಸುವ ಲೋಹದ ಟೊಳ್ಳು. ನಾವು ಕೇಳಿದ್ದು ಅಂತರ, ಅವರು ಹೇಳಿದ್ದು ಎಣಿಕೆ. ಆ ಮಾತನ್ನು ನಂಬಿ ಹಣ ಕಳುಹಿಸಿದೆವು.

ಬಂದದ್ದು ದಪ್ಪ ನಿಘಂಟಿನಷ್ಟು ಗಾತ್ರದ ಪೆಟ್ಟಿಗೆ. 145 ಮೆಗಾಹರ್ಟ್ಸ್‌ನ ತರಂಗಾಂತರ ಎರಡು ಮೀಟರಿಗಿಂತ ತುಸು ಹೆಚ್ಚು. ಅದರ ಕಾಲು ಭಾಗವೆಂದರೆ ಸುಮಾರು 52 ಸೆಂಟಿಮೀಟರ್. 600 ಕಿಲೋಹರ್ಟ್ಸ್‌ನಷ್ಟು ಕಿರಿದಾದ ಅಂತರದಲ್ಲಿ ಎರಡು ಆವರ್ತನಗಳನ್ನು ಬಿಡಿಸಬಲ್ಲ ಕ್ಯಾವಿಟಿಗಳು ಮೊಣಕಾಲೆತ್ತರದ ಕೊಳವೆಗಳಂತಿರುತ್ತವೆ. ಗಾತ್ರ ಕುಗ್ಗಿದಂತೆ ಆವರ್ತನಗಳನ್ನು ಬಿಡಿಸುವ ಅವುಗಳ ಚೂಪುತನವೂ ಕುಗ್ಗುತ್ತದೆ. ಪೆಟ್ಟಿಗೆಯ ತಳದಲ್ಲಿ ಮಡಚಿಟ್ಟಿದ್ದ ತಯಾರಕರ ಕಾಗದ ತೆಗೆದು ಓದಿದೆವು. "ಕನಿಷ್ಠ ಅಂತರ 4.5 ಮೆಗಾಹರ್ಟ್ಸ್" ಎಂದು ಅದರಲ್ಲೇ ಅಚ್ಚಾಗಿದೆ. ನಮಗೆ ಬೇಕಾದುದಕ್ಕಿಂತ ಏಳೂವರೆ ಪಟ್ಟು! ನಿಮ್ಮ ಮಾರಾಟ ಪಟ್ಟಿಯಲ್ಲಿ ಮಾತ್ರ ಈ ಸಾಲು ಎಲ್ಲಿಯೂ ಇಲ್ಲ. ಅಲ್ಲಿರುವುದು "ವಿಎಚ್‌ಎಫ್ ರಿಪೀಟರ್‌ಗೆ ಸೂಕ್ತ" ಎಂಬ ಮಾತು.

ಆದರೂ ಕಟ್ಟಿ ನೋಡಿದೆವು. ಕಣಿವೆಯಿಂದ ಒಬ್ಬ ಸದಸ್ಯರು ಹ್ಯಾಂಡಿಯಲ್ಲಿ (ಕೈಯಲ್ಲಿ ಹಿಡಿಯುವ ರೇಡಿಯೊ ಸೆಟ್ಟಿನಲ್ಲಿ) ಕರೆದರೆ ರಿಪೀಟರ್ ತೆರೆದುಕೊಂಡು ಪ್ರಸಾರ ಶುರುಮಾಡುತ್ತದೆ. ತೆರೆದ ಮರುಕ್ಷಣ ಅದರದೇ ಪ್ರೇಷಕದ ಅಬ್ಬರಕ್ಕೆ ರಿಸೀವರ್ ಕಿವುಡಾಗಿ ಮುಚ್ಚಿಕೊಳ್ಳುತ್ತದೆ. ಪ್ರಸಾರ ನಿಂತೊಡನೆ ಮತ್ತೆ ಕೇಳಿಸಿ ಮತ್ತೆ ತೆರೆಯುತ್ತದೆ. ಮಾತು ತುಂಡುತುಂಡಾಗಿ ಉದುರುತ್ತದೆ. ನಮ್ಮ ರಿಸೀವರ್ 0.2 ಮೈಕ್ರೊವೋಲ್ಟ್‌ನ ಸದ್ದನ್ನು ಹಿಡಿಯಬೇಕು. ಅದೇ ಆಂಟೆನಾದಲ್ಲಿ ಅದೇ ಗಳಿಗೆಯಲ್ಲಿ ಹೊರಡುವ 25 ವ್ಯಾಟ್, ಆ ಸದ್ದಿಗಿಂತ ಒಂದರ ಮುಂದೆ ಹದಿನಾರು ಸೊನ್ನೆ ಇಟ್ಟರೂ ಸಾಲದಷ್ಟು ಪಟ್ಟು ಬಲವಾದದ್ದು. ಇವೆರಡರ ನಡುವಿನ ಗೋಡೆಯೇ ಡ್ಯೂಪ್ಲೆಕ್ಸರ್.

ನಿಮ್ಮ ಸೇವಾ ವಿಭಾಗಕ್ಕೆ ಬರೆದಾಗ "ನಿಮ್ಮ ಆಂಟೆನಾದಲ್ಲಿ ದೋಷವಿರಬೇಕು" ಎಂಬ ಉತ್ತರ ಬಂತು. ಆಂಟೆನಾ ಬಿಚ್ಚಿ, ಅದರ ಬದಲು ಪ್ರಸಾರದ ಶಕ್ತಿಯನ್ನು ಹೀರಿಕೊಳ್ಳುವ ಡಮ್ಮಿ ಲೋಡ್ ಜೋಡಿಸಿದೆವು. ಕಿವುಡು ಹಾಗೆಯೇ ಉಳಿಯಿತು. ಒಂಟಿ ಹೆಣಿಗೆಯ ಲೋಹದ ಹೊದಿಕೆಯಿರುವ ಕೇಬಲ್ ತೆಗೆದು ಎರಡು ಹೆಣಿಗೆಯ ಆರ್‌ಜಿ-214 ಹಾಕಿದೆವು, ಬದಲಾವಣೆ ಇಲ್ಲ. "ಹಾಗಾದರೆ ಟ್ಯೂನ್ ಮಾಡಿಕೊಳ್ಳಿ" ಎಂದಿರಿ. ಇಂಥ ತಡೆಯನ್ನು ಅಳೆಯುವ ಅಂಗೈಯಗಲದ ನೆಟ್‌ವರ್ಕ್ ಅನಲೈಸರ್‌ಗಳು 70 ಡೆಸಿಬೆಲ್ ಆಚೆಗೆ ತಮ್ಮದೇ ಗದ್ದಲವನ್ನು ತೋರಿಸುತ್ತವೆ. ಅವನ್ನು ನಂಬದೆ, ಒಂದು ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಸಿಗ್ನಲ್ ಜನರೇಟರ್ ಮತ್ತು ಸ್ಪೆಕ್ಟ್ರಮ್ ಅನಲೈಸರ್ ಇಟ್ಟುಕೊಂಡು ಎರಡು ಸಂಜೆ ಕುಳಿತೆವು. ಪ್ರಸಾರದ ನಷ್ಟವನ್ನು 1.5 ಡೆಸಿಬೆಲ್ ಒಳಗೆ ಉಳಿಸಿಕೊಂಡರೆ ಸ್ವೀಕಾರದ ಆವರ್ತನದಲ್ಲಿ ಸಿಕ್ಕ ತಡೆ ಬರೀ 22 ಡೆಸಿಬೆಲ್. ತಡೆಯನ್ನು 48ಕ್ಕೆ ಏರಿಸಿದಾಗ ಒಳಗೆ ಹೋದ 25 ವ್ಯಾಟ್‌ನಲ್ಲಿ ಹೊರಬಂದದ್ದು 7 ವ್ಯಾಟ್. ಉಳಿದದ್ದರಲ್ಲಿ ಬಹಳಷ್ಟು ಕಾವಾಗಿ ಪೆಟ್ಟಿಗೆ ಮುಟ್ಟಲಾಗದಷ್ಟು ಬಿಸಿಯಾಯಿತು. ಬೇಕಾದದ್ದು 85 ಡೆಸಿಬೆಲ್. ಸ್ಕ್ರೂ ಎಷ್ಟು ತಿರುಗಿಸಿದರೂ ಅದು ಬರುವುದಿಲ್ಲ, ಏಕೆಂದರೆ ಇದು ಬರೀ ನಾಚ್ ಬಗೆಯದು. ಒಂದು ಆವರ್ತನದಲ್ಲಿ ತೋಡಿದ ಗುಂಡಿಯ ಇಳಿಜಾರು ಪಕ್ಕದ ಆವರ್ತನವನ್ನೂ ನುಂಗುತ್ತದೆ. ಅಳತೆಯ ಚಿತ್ರಗಳನ್ನು ಈ ಪತ್ರದೊಂದಿಗೆ ಇಟ್ಟಿದ್ದೇನೆ. ದಯವಿಟ್ಟು ನಿಮ್ಮ ಎಂಜಿನಿಯರ್ ಒಬ್ಬರಿಗೆ ತೋರಿಸಿ. ಐದು ನಿಮಿಷದಲ್ಲಿ ಅವರಿಗೆ ಎಲ್ಲವೂ ತಿಳಿಯುತ್ತದೆ.

ಈ ಹಣ ಸುಮ್ಮನೆ ಕೂಡಿದ್ದಲ್ಲ. ಕ್ಲಬ್ಬಿನಲ್ಲಿ ನಿವೃತ್ತ ಮೇಷ್ಟರಿದ್ದಾರೆ, ಕಾಫಿ ತೋಟದ ರೈಟರ್ ಇದ್ದಾರೆ, ಮೊನ್ನೆಯಷ್ಟೇ ಪರವಾನಗಿ ಪಡೆದ ಇಬ್ಬರು ಕಾಲೇಜು ಹುಡುಗಿಯರಿದ್ದಾರೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದು ಕರೆಂಟು, ಫೋನು ಎರಡೂ ಸತ್ತ ಊರುಗಳ ಸುದ್ದಿ ನಮ್ಮ ಮನಸ್ಸಿನಿಂದ ಹೋಗಿಲ್ಲ. ಅಂಥ ದಿನ ನಮ್ಮ ಕಣಿವೆಗೆ ಬಂದರೆ ಒಂದು ಹ್ಯಾಂಡಿಯ ದನಿಯಾದರೂ ಗುಡ್ಡ ದಾಟಲಿ ಎಂದು ಎರಡು ವರ್ಷ ವಂತಿಗೆ ಎತ್ತಿದೆವು. ಮಳೆಗಾಲಕ್ಕೆ ಮುಂಚೆ ಕಂಬ ಏರಿಸಬೇಕೆಂದಿದ್ದೆವು. ಮಳೆ ಶುರುವಾಗಿದೆ, ರಿಪೀಟರ್ ನನ್ನ ಮನೆಯ ಜಗುಲಿಯಲ್ಲಿದೆ.

ನಮ್ಮ ಕೋರಿಕೆ ಹೀಗಿದೆ. ಬೇಕಾದ ಆವರ್ತನವನ್ನು ಬಿಡುವ ಬ್ಯಾಂಡ್‌ಪಾಸ್ ಮತ್ತು ಬೇಡದ್ದನ್ನು ತಡೆಯುವ ನಾಚ್ ಎರಡೂ ಗುಣವುಳ್ಳ, ಶಾಖಕ್ಕೆ ತೀರಾ ಕಡಿಮೆ ಹಿಗ್ಗುವ ಇನ್ವಾರ್ ಲೋಹದ ಸರಳಿರುವ, ಎನ್ ಮಾದರಿಯ ಕನೆಕ್ಟರ್‌ಗಳಿರುವ ನಾಲ್ಕು ಕ್ಯಾವಿಟಿಯ ಡ್ಯೂಪ್ಲೆಕ್ಸರ್ ಅನ್ನು ನಮ್ಮ ಎರಡು ಆವರ್ತನಗಳಿಗೇ ಟ್ಯೂನ್ ಮಾಡಿ, ಅಳತೆಯ ಪಟ್ಟಿಯೊಂದಿಗೆ ಕಳುಹಿಸಿ. ಬೆಲೆಯ ವ್ಯತ್ಯಾಸ ನ್ಯಾಯವಾಗಿದ್ದರೆ ಕೊಡುತ್ತೇವೆ. ಅದು ನಿಮ್ಮಲ್ಲಿ ಇಲ್ಲದಿದ್ದರೆ ಪೂರ್ತಿ ಹಣವನ್ನೂ ಎರಡು ಕಡೆಯ ಸಾಗಣೆ ವೆಚ್ಚವನ್ನೂ ಹಿಂದಿರುಗಿಸಿ. "ತೆರೆದ ಪೆಟ್ಟಿಗೆ ವಾಪಸ್ ಪಡೆಯುವುದಿಲ್ಲ" ಎಂಬ ನಿಮ್ಮ ನಿಯಮವನ್ನು ನಾವು ಒಪ್ಪುವುದಿಲ್ಲ. ತೆರೆಯದೆ ಒಳಗಿನ ಕಾಗದ ಓದುವುದು ಹೇಗೆ? ಮಾರಾಟ ಪಟ್ಟಿಯಲ್ಲಿಯೂ ಕನಿಷ್ಠ ಅಂತರವನ್ನು ಕ್ಯಾವಿಟಿಗಳ ಎಣಿಕೆಗಿಂತ ಮೇಲೆ, ಎದ್ದು ಕಾಣುವಂತೆ ಮುದ್ರಿಸಿ. ಹೊಸದಾಗಿ ರಿಪೀಟರ್ ಕಟ್ಟುವ ಇನ್ನೊಂದು ಊರಿನವರು ಮೊದಲು ಓದಬೇಕಾದ ಸಂಖ್ಯೆ ಅದು.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ ಜಿಲ್ಲಾ ಆಯೋಗದ ಮುಂದೆ ಹೋಗಲು ಕ್ಲಬ್ಬಿನ ಸಭೆ ತೀರ್ಮಾನಿಸಿದೆ. ಪೆಟ್ಟಿಗೆಯನ್ನು ಬಂದ ಹಾಗೆಯೇ ಥರ್ಮಾಕೋಲ್ ಸಮೇತ ಕಟ್ಟಿಟ್ಟಿದ್ದೇವೆ; ಯಾವ ದಿನ ಬೇಕಾದರೂ ಒಯ್ಯಬಹುದು.

ಇಂತಿ ನಂಬುಗೆಯ,
ಕ್ಲಬ್ಬಿನ ಕಾರ್ಯದರ್ಶಿ

ಲಗತ್ತು: ಬೇಡಿಕೆ ಪತ್ರ ಮತ್ತು ರಸೀದಿಯ ಪ್ರತಿ, ತಯಾರಕರ ಕಾಗದದ ಪ್ರತಿ, ಅಳತೆಯ ಚಿತ್ರಗಳು